ಇತಾಲೀ ನುಡಿಗಳ ಉಚ್ಚಾರವೂ ಅನುವಾದವೂ: ಆಂಗ್ಲ ಕೈಪಿಡಿಗಳ ಪದ್ಧತಿಯ ವಿಮರ್ಶೆ

೧. ವಿಷಯನಿರೂಪಣೆ

ಒಂದು ದೇಶದ ನಿತ್ಯವ್ಯವಹಾರದ ಮಾತುಗಳನ್ನು ಬೇರೊಂದು ದೇಶದವರಿಗೆ ಕಲಿಸಬೇಕಾದಲ್ಲಿ ಎರಡು ಕಾರ್ಯಗಳು ಒಟ್ಟೊಟ್ಟಿಗೆ ನಡೆಯಬೇಕಾಗುವುವು. ಅರ್ಥವನ್ನು ದಾಟಿಸುವುದು ಒಂದು. ಧ್ವನಿಯನ್ನು ದಾಟಿಸುವುದು ಮತ್ತೊಂದು. ಮೊದಲನೆಯದಕ್ಕೆ ಅನುವಾದವೆಂದೂ ಎರಡನೆಯದಕ್ಕೆ ಲಿಪ್ಯಂತರವೆಂದೂ ಹೆಸರು. ಇವೆರಡರಲ್ಲಿ ಅನುವಾದದ ಗುಣದೋಷಗಳನ್ನು ಕುರಿತು ಪಂಡಿತರು ಬಹುವಾಗಿ ಚರ್ಚಿಸಿರುವರು. ಲಿಪ್ಯಂತರವನ್ನಾದರೋ ಅಚ್ಚುಕೂಟದವರ ಕೆಲಸವೆಂದು ಭಾವಿಸಿ ಬಿಟ್ಟಿರುವುದೇ ಹೆಚ್ಚು. ಆ ಉದಾಸೀನತೆಯಿಂದ ಆಗಿರುವ ಹಾನಿಯನ್ನು ಇತಾಲೀ ಭಾಷೆಯ ನಿದರ್ಶನದಿಂದ ಪರೀಕ್ಷಿಸುವುದು ಈ ಲೇಖನದ ಉದ್ದೇಶವಾಗಿದೆ.

ಇತಾಲೀ ದೇಶಕ್ಕೆ ಹೋಗುವ ಆಂಗ್ಲೇಯರಿಗಾಗಿ ರಚಿತವಾದ ಕೈಪಿಡಿಗಳು ಅಸಂಖ್ಯವಾಗಿವೆ. ಅವುಗಳ ಪದ್ಧತಿ ಬಹುಮಟ್ಟಿಗೆ ಒಂದೇ. ಮೊದಲು ಇತಾಲೀ ವಾಕ್ಯ, ಅದರ ಮುಂದೆ ಆಂಗ್ಲಾರ್ಥ, ಅದರ ಮುಂದೆ ಆಂಗ್ಲರು ಓದಿದರೆ ಇತಾಲೀ ಧ್ವನಿ ಹೊರಡುವುದೆಂದು ನಂಬಿ ಬರೆದ ಅನುಕರಣಲೇಖನ. ಕನ್ನಡಿಗರಿಗೆ ಇತಾಲೀ ಭಾಷೆಯನ್ನು ನೇರವಾಗಿ ಕಲಿಸುವ ಸಾಧನಗಳು ವಿರಳವಾದುದರಿಂದ ಕನ್ನಡ ವಿದ್ಯಾರ್ಥಿಯೂ ಈ ಆಂಗ್ಲ ಕೈಪಿಡಿಗಳನ್ನೇ ಆಶ್ರಯಿಸುವನು. ಅದರ ಫಲವಾಗಿ, ಯಾವ ಧ್ವನಿಗಳು ಆತನ ನಾಲಗೆಯ ಮೇಲೆ ಜನ್ಮತಃ ಇವೆಯೋ ಅವನ್ನೇ ಆತನು ಕೆಡಿಸಿಕೊಂಡು ಕಲಿಯುವನು. ಈ ಮಾತು ಅತ್ಯುಕ್ತಿಯಲ್ಲವೆಂಬುದು ಮುಂದೆ ವಿಶದವಾಗುವುದು.

೨. ಇತಾಲಿಯವರೂ ಕನ್ನಡನಾಡೂ

ಇತಾಲೀ ಲೇಖನಿಯು ಕನ್ನಡದ ಹೆಸರುಗಳನ್ನು ಬರೆದುದು ಹೊಸ ಸಂಗತಿಯಲ್ಲ. ವೆನಿಸ್ ನಗರದ ನಿಕೊಲೊ ಕೊಂತಿಯು ಸುಮಾರು ೧೪೨೦ರಲ್ಲಿ ವಿಜಯನಗರವನ್ನು ಕಂಡನು. ಆತನ ವೃತ್ತಾಂತವನ್ನು ಪೋಜ್ಜೊ ಬ್ರಾಚ್ಚೊಲೀನಿ ಎಂಬ ವಿದ್ವಾಂಸನು ಲ್ಯಾಟಿನ್ ಭಾಷೆಯಲ್ಲಿ ಬರೆದಿಟ್ಟನು. ಅದರಲ್ಲಿ ವಿಜಯನಗರವು 'ಬಿಜೆನೆಗಾಲಿಯ' ಎಂದಾಗಿದೆ. ಬೊಲೋಞ್ಞ ನಗರದ ಲುದೊವಿಕೊ ವರ್ತೇಮನ ಪ್ರವಾಸಗ್ರಂಥವು ೧೫೧೦ರಲ್ಲಿ ರೋಮ್ ನಗರದಲ್ಲಿ ಅಚ್ಚಾಯಿತು. ಅದರಲ್ಲಿ ಹೊನ್ನಾವರವು 'ಓನೋರ್' ಆಗಿದೆ. ಹಕಾರವು ಇತಾಲೀ ನಾಲಗೆಯಲ್ಲಿ ಇಲ್ಲವಷ್ಟೆ. ಅದೇ ಗ್ರಂಥದಲ್ಲಿ 'ದೆಕಾನ್' ಎಂದು ವರ್ಣಿತವಾದ ನಗರವು ಆದಿಲಶಾಹಿಯ ವಿಜಾಪುರವೇ ಎಂದು ವ್ಯಾಖ್ಯಾನಕಾರರು ನಿರ್ಣಯಿಸಿರುವರು. ೧೬೨೩ರಲ್ಲಿ ರೋಮ್ ನಗರದ ಪಿಯೆತ್ರೊ ದೆಲ್ಲ ವಲ್ಲೆಯು ಇಕ್ಕೇರಿಗೆ ಬಂದು ವೆಂಕಟಪ್ಪನಾಯಕನ ಆಸ್ಥಾನವನ್ನು ನೋಡಿದನು; ಅನಂತರ ಮಂಗಳೂರಿನ ಕಡೆಗೆ ಇಳಿದು ಉಳ್ಳಾಲದ ರಾಣಿಯನ್ನು ಸಂದರ್ಶಿಸಿದನು. ಆತನ ಪತ್ರಗಳು ಹದಿನೇಳನೆಯ ಶತಮಾನದ ಏಳನೆಯ ದಶಕದಲ್ಲಿ ಆಂಗ್ಲಭಾಷೆಗೆ ಪರಿವರ್ತಿತವಾದುವು. ಆ ಅನುವಾದವನ್ನೇ ಎಡ್ವರ್ಡ್ ಗ್ರೇ ಎಂಬವರು ಪರಿಷ್ಕರಿಸಲು, ಹಕ್ಲೂಯಿಟ್ ಸೊಸಾಯಿಟಿಯು ೧೮೯೨ರಲ್ಲಿ ಪ್ರಕಟಿಸಿತು. ಇಕ್ಕೇರಿಯ ಚರಿತ್ರೆಯನ್ನು ಬರೆದವರು ಬಹುಮಂದಿ ಅವಲಂಬಿಸಿದುದು ಈ ಆಂಗ್ಲ ಗ್ರಂಥವನ್ನೇ ಹೊರತು ಮೂಲವನ್ನಲ್ಲ.

ಇಲ್ಲಿಯೇ ವಿಮರ್ಶೆಗೆ ಅವಕಾಶವಿರುವುದು. ಉಳ್ಳಾಲದ ರಾಣಿಯ ಹೆಸರನ್ನು ದೆಲ್ಲ ವಲ್ಲೆಯು 'ಅಬಗ್ ದೇವಿ' ಎಂದು ಬರೆದು, ಅದರ ಮುಂದೆ ವಂಶನಾಮವನ್ನು ಸಿ, ಐ, ಎ, ಯು, ಟಿ, ಆರ್, ಯು ಎಂಬ ಏಳು ರೋಮಕಾಕ್ಷರಗಳಿಂದ ನಿರ್ದೇಶಿಸಿರುವನು. ಆಂಗ್ಲ ಸಂಪ್ರದಾಯದಂತೆ ಓದಿದವನಿಗೆ ಇದು 'ಸಿಯಾಟ್ರು' ಎಂದಾಗುವುದು. ಅಂತಹ ವಂಶವು ತುಳುನಾಡಿನಲ್ಲಿ ಎಲ್ಲಿಯೂ ದೊರೆಯದು. ಇತಾಲೀ ಸಂಪ್ರದಾಯದಲ್ಲಿಯಾದರೋ ಸಿ ಎಂಬ ಅಕ್ಷರದ ಮುಂದೆ ಐ ಅಥವಾ ಇ ಬಂದರೆ ಅದು ತಾಲವ್ಯ ಚಕಾರ. ಮುಂದೆ ಮತ್ತೊಂದು ಸ್ವರವಿದ್ದರೆ ನಡುವಣ ಐ ಎಂಬುದು ಚಕಾರದ ಗುರುತು ಮಾತ್ರವೇ ಹೊರತು ಪ್ರತ್ಯೇಕ ಸ್ವರವಲ್ಲ. ಹಾಗೆ ಓದಿದೊಡನೆಯೇ 'ಚೌತ್ರು' ಎಂದಾಗಿ, ಉಳ್ಳಾಲವನ್ನು ಆಳಿದ ಚೌಟರ ಹೆಸರು ಸ್ಪಷ್ಟವಾಗಿ ಹೊಳೆಯುವುದು. ಪ್ರವಾಸಿಯು ಕೇಳಿದುದು ಸರಿಯಾಗಿಯೇ ಇತ್ತು. ಆತನು ಬರೆದುದೂ ತನ್ನ ಭಾಷೆಯ ನಿಯಮದಂತೆ ಸರಿಯಾಗಿಯೇ ಇತ್ತು. ಕೆಟ್ಟುದು ಓದಿದವನ ಕಣ್ಣಿನಲ್ಲಿ.

'ಅಬಗ್' ಎಂಬುದನ್ನು 'ಅಬ್ಬಕ್ಕ' ಎಂದು ತಿದ್ದಿಕೊಳ್ಳುವುದು ರೂಢಿ. ಆದರೆ ತುಳುವಿನ ಪಾಡ್ದನಗಳಲ್ಲಿ 'ಅಬ್ಬಗ' ಎಂಬ ಸ್ತ್ರೀನಾಮವು ಪ್ರಸಿದ್ಧವಾಗಿರುವುದರಿಂದ, ಪ್ರವಾಸಿಯು ಕೇಳಿದುದು ಆ ರೂಪವನ್ನೇ ಎಂದು ಊಹಿಸಲು ಅವಕಾಶವುಂಟು. ಪರದೇಶೀಯನ ಬರೆಹವನ್ನು ತಿದ್ದುವ ಮುನ್ನ ಆತನ ಅಕ್ಷರಗಳ ಬೆಲೆಯನ್ನು ಆತನ ಭಾಷೆಯಿಂದಲೇ ತಿಳಿದುಕೊಳ್ಳಬೇಕೆಂಬುದಕ್ಕೆ ಇವೆರಡು ನಿದರ್ಶನಗಳು ಸಾಕು. ಹಾಗೆಂದು ದೆಲ್ಲ ವಲ್ಲೆಯು ನಿರ್ದೋಷಿಯೆಂದು ಹೇಳುವಂತಿಲ್ಲ. ಇಕ್ಕೇರಿಯ ಅಘೋರೇಶ್ವರನ ಹೆಸರಿನಲ್ಲಿ ಶಕಾರದ ಮುಂದೆ ವಕಾರ ಬಂದಿರುವುದನ್ನು ಆತನು ಬರೆದ ರೀತಿಯು, ಇತಾಲಿಯವನೇ ಓದಿದರೂ 'ಸ್ಕ್ವಾರ' ಎಂದಾಗುವಂತಿದೆ. ಇತಾಲೀ ಲೇಖನಪದ್ಧತಿಯಲ್ಲಿ ಐ, ಇ ಎಂಬವುಗಳ ಸಹಾಯವಿಲ್ಲದೆ ಶಕಾರವನ್ನು ಬರೆಯಲು ಬಾರದು. ಇದು ಲಿಪಿಯ ದಾರಿದ್ರ್ಯವೇ ಹೊರತು ಲೇಖಕನ ಅನವಧಾನವಲ್ಲ.

ಕನ್ನಡನಾಡಿಗೆ ಸೇರದಿದ್ದರೂ ಸಂಸ್ಕೃತಜ್ಞರು ಮರೆಯಬಾರದ ಇನ್ನೊಂದು ಹೆಸರುಂಟು. ಫಿಲಿಪ್ಪೊ ಸಸ್ಸೆತ್ತಿ ಎಂಬ ಫ್ಲಾರೆನ್ಸ್ ನಗರದ ವರ್ತಕನು ೧೫೮೩ರಿಂದ ೧೫೮೮ರ ವರೆಗೆ ಕೊಚ್ಚಿ, ಗೋವೆಗಳಲ್ಲಿದ್ದು ಅಲ್ಲಿಯೇ ಮೃತನಾದನು. ಆತನು ಸ್ವದೇಶಕ್ಕೆ ಬರೆದ ಪತ್ರಗಳಲ್ಲಿ, ದೇವ, ಸರ್ಪ ಎಂಬ ಶಬ್ದಗಳಿಗೂ ಷಟ್, ಸಪ್ತ, ಅಷ್ಟ, ನವ ಎಂಬ ಸಂಖ್ಯೆಗಳಿಗೂ ತನ್ನ ಭಾಷೆಯ ಶಬ್ದಗಳೊಡನೆ ಇರುವ ಹೋಲಿಕೆಯನ್ನು ಎತ್ತಿ ತೋರಿಸಿದನು. ವಿಲಿಯಂ ಜೋನ್ಸನು ೧೭೮೬ರಲ್ಲಿ ಈ ಬಾಂಧವ್ಯವನ್ನು ಘೋಷಿಸುವುದಕ್ಕೆ ಸರಿಸುಮಾರು ಎರಡುನೂರು ವರ್ಷಗಳ ಹಿಂದೆಯೇ ಒಬ್ಬ ವರ್ತಕನ ಕಿವಿಗೆ ಅದು ಗೋಚರವಾಗಿತ್ತು. ಆತನು ಕಿವಿಯಿಂದ ಕೇಳಿದನು, ಆಂಗ್ಲಲಿಪಿಯ ಮುಖಾಂತರ ಓದಲಿಲ್ಲ. ಆದುದರಿಂದಲೇ ಅದು ಸಾಧ್ಯವಾಯಿತು.

೩. ಸಂಸ್ಕೃತ ಪ್ರಾಕೃತಗಳಂತೆ ಲ್ಯಾಟಿನ್ ಇತಾಲಿಗಳು

ಸಂಸ್ಕೃತಕ್ಕೆ ಪ್ರಾಕೃತವು ಹೇಗೋ ಲ್ಯಾಟಿನ್ ಭಾಷೆಗೆ ಇತಾಲಿಯು ಹಾಗೆ. ಈ ಹೋಲಿಕೆಯನ್ನು ಹಿಡಿದರೆ ಉಚ್ಚಾರದ ಅರ್ಧ ಭಾಗವು ತಾನಾಗಿಯೇ ಸಿದ್ಧಿಸುವುದು. ಸಪ್ತ ಎಂಬುದು ಪ್ರಾಕೃತದಲ್ಲಿ 'ಸತ್ತ' ಆಗುವುದು. ಲ್ಯಾಟಿನ್ನಿನ 'ಸೆಪ್ತೆಂ' ಇತಾಲಿಯಲ್ಲಿ 'ಸೆತ್ತೆ' ಆಗಿದೆ. ಲ್ಯಾಟಿನ್ನಿನ 'ಒಕ್ತೊ' ಇತಾಲಿಯಲ್ಲಿ 'ಒತ್ತೊ' ಆಗಿದೆ; ರಕ್ತ ಎಂಬುದು ಪ್ರಾಕೃತದಲ್ಲಿ 'ರತ್ತ' ಆಗುವುದೂ ಇದೇ ಕ್ರಮದಿಂದ. ಮುಕ್ತಾ ಎಂಬುದರಿಂದ ಕನ್ನಡದ ಮುತ್ತು ಬಂದಿತೆಂದು ವೈಯಾಕರಣರು ಹೇಳುವರಷ್ಟೆ. ಎಲ್ಲ ಕಡೆಗಳಲ್ಲಿಯೂ ವಿಜಾತೀಯ ಸಂಯೋಗವು ಸಜಾತೀಯ ದ್ವಿತ್ವವಾಗಿ ಪರಿಣಮಿಸಿದೆ.

ಮತ್ತೊಂದು ನಿದರ್ಶನ. ವಿದ್ಯಾ ಶಬ್ದದ ದ್ಯಕಾರವು ಪ್ರಾಕೃತದಲ್ಲಿ ಜ್ಜಕಾರವಾಗಿ, ಕನ್ನಡದಲ್ಲಿ ಬಿಜ್ಜೆ ಎಂಬ ತದ್ಭವವು ಹುಟ್ಟಿದೆ. ದಿವಸವಾಚಕವಾದ ಲ್ಯಾಟಿನ್ ಶಬ್ದದಿಂದ ಹೊರಟ 'ದಿಯುರ್ನುಸ್' ಎಂಬುದು ಇತಾಲಿಯಲ್ಲಿ 'ಜೊರ್ನೊ' ಆದುದು ಅದೇ ರೀತಿಯಿಂದ. ಹಗಲು ಕಂಡಾಗ ಹೇಳುವ 'ಬುವೊನ್ ಜೊರ್ನೊ' ಎಂಬ ನಮಸ್ಕಾರದಲ್ಲಿ ದ್ಯು, ದಿವ ಎಂಬ ಸಂಸ್ಕೃತ ಶಬ್ದಗಳ ಸಹೋದರನೇ ಅಡಗಿರುವನು. ಕೃತಜ್ಞತೆಯನ್ನು ಸೂಚಿಸುವ 'ಗ್ರತ್ಸಿಯೆ' ಎಂಬುದು ಸ್ತುತ್ಯರ್ಥಕವಾದ ಗೃಣಾತಿ ಎಂಬ ಧಾತುವಿನ ಬಂಧುವೆಂದು ಭಾಷಾಶಾಸ್ತ್ರಜ್ಞರು ಹೇಳುವರು.

ಅಡಿಗೆಯ ಮನೆಯಲ್ಲಿಯೂ ಈ ನಂಟು ತೋರುವುದು. ಸಕ್ಕರೆಗೆ ಇತಾಲಿಯಲ್ಲಿ 'ತ್ಸುಕ್ಕೆರೊ' ಎಂದು ಹೆಸರು. ಸಂಸ್ಕೃತದ ಶರ್ಕರಾ ಶಬ್ದವು ಪಾರಸಿ ಅರಬ್ಬೀ ನಾಡುಗಳನ್ನು ಹಾದು ಅಲ್ಲಿಗೆ ಸೇರಿತು. ಇಂಡಿಯ ಸೀಮೆಗೆ ಕೀರ್ತಿ ತಂದ ಲಿಂಬೆಯು ಇತಾಲಿಯಲ್ಲಿ 'ಲಿಮೋನೆ' ಎನಿಸಿಕೊಂಡು ಅದೇ ಮಾರ್ಗವನ್ನು ಸೂಚಿಸುತ್ತಿದೆ. ಮೆಣಸಿಗೆ ಹೇಳುವ 'ಪೇಪೆ' ಎಂಬುದು ಪಿಪ್ಪಲೀ ಶಬ್ದದ ಸಂತತಿ. ಇಂತಹ ಶಬ್ದಗಳನ್ನು ಮೊದಲು ಮುಂದಿಟ್ಟರೆ ಕನ್ನಡ ವಿದ್ಯಾರ್ಥಿಗೆ ಪರಭಾಷೆಯ ಭಯವು ತೊಲಗುವುದು. ಆಂಗ್ಲ ಕೈಪಿಡಿಗಳಲ್ಲಿ ಈ ಅನುಕೂಲವನ್ನು ಅರಸುವುದು ವ್ಯರ್ಥ. ಅವು ಆತನಿಗಾಗಿ ಬರೆದವಲ್ಲ.

೪. ಅನುಕರಣಲೇಖನದ ದೋಷಗಳು

ವರ್ಣಗಳನ್ನು ಸ್ಥಾನ, ಕರಣ, ಪ್ರಯತ್ನಗಳಿಂದ ನಿರೂಪಿಸುವುದು ಶಿಕ್ಷಾಶಾಸ್ತ್ರದ ಕ್ರಮ. ಹೆಣ್ಣುಹುಲಿಯು ಮರಿಗಳನ್ನು ಕಚ್ಚದೆಯೂ ಬೀಳಿಸದೆಯೂ ಹಲ್ಲುಗಳಲ್ಲಿ ಹಿಡಿದೊಯ್ಯುವಂತೆ ವರ್ಣಗಳನ್ನು ಪ್ರಯೋಗಿಸಬೇಕೆಂಬುದು ಪಾಣಿನೀಯ ಶಿಕ್ಷೆಯ ಪ್ರಸಿದ್ಧವಾದ ಉಪದೇಶ. ಆಂಗ್ಲ ಕೈಪಿಡಿಗಳ ಅನುಕರಣಲೇಖನವನ್ನು ಈ ಒರೆಗಲ್ಲಿಗೆ ಹಚ್ಚಿದರೆ ನಾಲ್ಕು ದೋಷಗಳು ಕಾಣುವುವು.

ಮೊದಲನೆಯದು ಸ್ವರದೋಷ. ಇತಾಲೀ ಸ್ವರಗಳು ಕನ್ನಡದ ಸ್ವರಗಳಂತೆ ಶುದ್ಧವಾದುವು. ಮೊದಲಿನಿಂದ ಕೊನೆಯ ವರೆಗೆ ಬಾಯಿಯ ಆಕಾರವು ಬದಲಾಗದು. ಆಂಗ್ಲರ ಏಕಾರ ಓಕಾರಗಳಾದರೋ ಕೊನೆಯಲ್ಲಿ ಯಕಾರ ವಕಾರಗಳ ಕಡೆಗೆ ಜಾರುವುವು. 'ಪ್ರೇಗೊ' ಎಂಬ ಸುಲಭವಾದ ಪದವನ್ನು ಅವರ ಲೇಖನದಂತೆ ಓದಿದರೆ 'ಪ್ರೇಯ್‌ಗೋವ್' ಎಂದಾಗುವುದು. ಪದಾಂತ್ಯದ ಸ್ವರವನ್ನು ನುಂಗುವುದು ಇದಕ್ಕೆ ಸೇರಿದ ದೋಷ. 'ಗ್ರತ್ಸಿಯೆ' ಎಂಬುದು ಆಂಗ್ಲರ ಬಾಯಲ್ಲಿ 'ಗ್ರಾಟ್ಸಿ' ಆಗುವುದು ಸರ್ವಸಾಮಾನ್ಯ. ಕನ್ನಡಿಗನಿಗೆ ಸ್ವರಾಂತವೇ ಸಹಜವಾದುದರಿಂದ ಈ ದೋಷವು ತಾನಾಗಿ ಹುಟ್ಟುವಂತಹುದಲ್ಲ, ಕಲಿತು ಬರುವಂತಹುದು.

ಎರಡನೆಯದು ಸ್ಥಾನದೋಷ. ಇತಾಲೀ ಭಾಷೆಯ ತಕಾರ ದಕಾರಗಳು ಕನ್ನಡದವುಗಳಂತೆ ದಂತ್ಯಗಳು. ಆಂಗ್ಲರ ಟಿ, ಡಿ ಎಂಬವು ಹಲ್ಲಿನ ಬುಡಕ್ಕೂ ಮೇಲಣ ವರ್ತ್ಸ್ಯಗಳು. ಅವನ್ನು ಕೇಳಿದ ಕನ್ನಡಿಗನಿಗೆ ಅವು ಮೂರ್ಧನ್ಯಗಳಾದ ಟಕಾರ ಡಕಾರಗಳಂತೆ ತೋರುವುವು. ಹೀಗೆ ಹಲ್ಲಿನಲ್ಲಿ ಹುಟ್ಟಿದ ವರ್ಣವು ಎರಡು ಮೆಟ್ಟಿಲು ಹತ್ತಿ ಮೂರ್ಧೆಗೆ ಏರುವುದು. ಇತಾಲಿಯವರು ತಮ್ಮ ದೇಶವನ್ನು 'ಇತಾಲ್ಯ' ಎನ್ನುವರು. ಕನ್ನಡದಲ್ಲಿ ಅದು 'ಇಟಲಿ'. ಅವರ ಮಹಾಕವಿ 'ದಂತೆ' ಎಂಬಾತನು ಕನ್ನಡದಲ್ಲಿ 'ಡಾಂಟೆ' ಆಗಿರುವನು. ದೇಶಭಕ್ತ 'ಗರಿಬಲ್ದಿ'ಯು 'ಗ್ಯಾರಿಬಾಲ್ಡಿ'ಯಾದುದು ಇದೇ ಹಾದಿಯಿಂದ. ಆತನ ಗಕಾರಕ್ಕೆ ಆಂಗ್ಲರ ಅಕಾರದ ವಿಕಾರವೂ ಸೇರಿಕೊಂಡಿದೆ. 'ಮತ್ಸೀನಿ' ಎಂಬ ಹೆಸರು 'ಮ್ಯಾಝಿನಿ' ಎಂದು ಮುಂಬಯಿ ಪ್ರಾಂತದಲ್ಲೆಲ್ಲ ಹರಡಿತು. ೧೯೦೭ರಲ್ಲಿ ಸಾವರಕರರ ಮರಾಠೀ ಅನುವಾದವು ಹೊರಟುದು ಆ ರೂಪದ ಹೆಸರಿನಲ್ಲಿಯೇ. ಮರಾಠಿಯ ನೆರೆಯಲ್ಲಿದ್ದ ವಿಜಾಪುರ ಧಾರವಾಡಗಳ ಓದುಗರಿಗೂ ಅದೇ ರೂಪವು ಪರಿಚಿತವಾಯಿತು.

ಮೂರನೆಯದು ಪ್ರಾಣದೋಷ. ಇತಾಲಿಯ ಕ, ತ, ಪ ವರ್ಣಗಳು ಅಲ್ಪಪ್ರಾಣಗಳು. ಆಂಗ್ಲರು ಪದಾದಿಯಲ್ಲಿ ಇವನ್ನು ಉಸಿರು ಸೇರಿಸಿ ನುಡಿಯುವರು. ತಾವು ಹಾಗೆ ನುಡಿಯುತ್ತಿರುವುದು ಅವರಿಗೇ ತಿಳಿಯದು, ಏಕೆಂದರೆ ಅವರ ಭಾಷೆಯಲ್ಲಿ ಅಲ್ಪಪ್ರಾಣ ಮಹಾಪ್ರಾಣಗಳಿಂದ ಅರ್ಥಭೇದವಾಗದು. ತಿಳಿಯದ ದೋಷವನ್ನು ಅವರ ಲೇಖನಪದ್ಧತಿಯು ತಿದ್ದುವುದೆಂತು? ರೊಟ್ಟಿಗೆ 'ಪಾನೆ' ಎನ್ನಬೇಕಾದಲ್ಲಿ ಅರೆಮಹಾಪ್ರಾಣದ ಪಕಾರವೇ ಹೊರಡುವುದು.

ನಾಲ್ಕನೆಯದು, ಎಲ್ಲಕ್ಕಿಂತ ಗುರುತರವಾದುದು, ದ್ವಿತ್ವದೋಷ. ಇತಾಲಿಯಲ್ಲಿ ದ್ವಿತ್ವದಿಂದ ಅರ್ಥವೇ ಬದಲಾಗುವುದು. 'ಸೇತೆ' ಎಂದರೆ ಬಾಯಾರಿಕೆ, 'ಸೆತ್ತೆ' ಎಂದರೆ ಏಳು. 'ಪಾಲ' ಎಂದರೆ ಸಲಿಕೆ, 'ಪಲ್ಲ' ಎಂದರೆ ಚೆಂಡು. 'ನೋನೊ' ಎಂದರೆ ಒಂಬತ್ತನೆಯವನು, 'ನೊನ್ನೊ' ಎಂದರೆ ಅಜ್ಜ. 'ಕಪೆಲ್ಲೊ' ಎಂದರೆ ಕೂದಲು, 'ಕಪ್ಪೆಲ್ಲೊ' ಎಂದರೆ ಟೊಪ್ಪಿಗೆ. ಆಂಗ್ಲಭಾಷೆಯಲ್ಲಿ ಎರಡು ವ್ಯಂಜನಗಳನ್ನು ಬರೆಯುವುದು ಮಾತ್ರ ಉಂಟು. ಒಂದೇ ಪದದೊಳಗೆ ಅವುಗಳನ್ನು ಒತ್ತಿ ನುಡಿಯುವುದಿಲ್ಲ. ಆದುದರಿಂದ ಕೈಪಿಡಿಗಳು ಇಲ್ಲಿ ಅಡ್ಡಗೆರೆಯನ್ನು ಹಾಕಿ ಪದವನ್ನು ತುಂಡುಮಾಡುವುವು; ಓದುಗನು ನಡುವೆ ನಿಂತು ಮುಂದುವರಿಯುವನು; ಒತ್ತಕ್ಷರವು ಮಾತ್ರ ಹುಟ್ಟುವುದಿಲ್ಲ. ಕತೆ ಕತ್ತೆಗಳನ್ನೂ, ಹಳಿ ಹಳ್ಳಿಗಳನ್ನೂ, ಬಳಿ ಬಳ್ಳಿಗಳನ್ನೂ ಎಳವೆಯಿಂದಲೇ ಬೇರ್ಪಡಿಸಬಲ್ಲ ಕನ್ನಡಿಗನಿಗೆ ಈ ಅಡ್ಡಗೆರೆಯ ಉಪಚಾರವು ಬೇಕಾಗಿಯೇ ಇಲ್ಲ. ಮೇಲಣ ಜೋಡಿಗಳಲ್ಲಿ 'ಸೇತೆ', 'ಸೆತ್ತೆ' ಎಂಬವುಗಳ ಮೊದಲಕ್ಷರವು ಒಂದೆಡೆ ದೀರ್ಘದಿಂದಲೂ ಮತ್ತೊಂದೆಡೆ ಒತ್ತಕ್ಷರದ ಹಿಂದಿರುವುದರಿಂದಲೂ ಗುರುವೇ ಆಗಿರುವುದನ್ನು ಛಂದಸ್ಸು ಬಲ್ಲವರು ಗಮನಿಸಬೇಕು. ಇತಾಲಿಯಲ್ಲಿ ಬಲವು ಬೀಳುವ ಅಕ್ಷರವು ಸಾಮಾನ್ಯವಾಗಿ ಈ ಎರಡು ವಿಧಗಳಲ್ಲಿ ಒಂದರಿಂದ ಗುರುವಾಗುವುದು. ಪದಾಂತ್ಯದಲ್ಲಿ ಬಲ ಬೀಳುವ ಪದಗಳು ಮಾತ್ರ ಇದಕ್ಕೆ ಅಪವಾದ.

ಬೆಂಗಳೂರಿನ ಉಪಾಹಾರಗೃಹಗಳ ಫಲಕಗಳಲ್ಲಿ ಈ ನಾಲ್ಕು ದೋಷಗಳ ಫಲವನ್ನು ಯಾರಾದರೂ ಓದಬಹುದು. 'ಪಿತ್ಸ' ಎಂಬುದು 'ಪಿಜ್ಜಾ' ಎಂದಾಗಿದೆ. ಇದು ಕಿವಿಯಿಂದ ಬಂದುದಲ್ಲ, ಎರಡು ರೋಮಕಾಕ್ಷರಗಳನ್ನು ಕಣ್ಣಿನಿಂದ ಕಂಡು ಊಹಿಸಿದುದು. 'ಕಪ್ಪುಚ್ಚೀನೊ' ಎಂಬ ಕಾಫಿಯು ಎರಡೂ ಒತ್ತುಗಳನ್ನು ಕಳೆದುಕೊಂಡು 'ಕ್ಯಾಪಚಿನೊ' ಆಗಿದೆ. 'ಬ್ರುಸ್ಕೆತ್ತ' ಎಂಬ ತಿನಿಸು 'ಬ್ರೂಶೆಟಾ' ಆಗಿದೆ. ಎಚ್ ಎಂಬ ಅಕ್ಷರವು ಇತಾಲಿಯಲ್ಲಿ ಕಕಾರ ಗಕಾರಗಳನ್ನು ಕಠಿನವಾಗಿ ಉಳಿಸುವ ಗುರುತೆಂಬುದನ್ನು ಅರಿಯದೆ ಅದನ್ನು ಶಕಾರವೆಂದು ತಿಳಿದುದರ ಪರಿಣಾಮವಿದು.

೫. ನಾಲ್ಕು ತಾಲೂಕುಗಳ ಹೆಸರುಗಳು

ರೋಮಕಲಿಪಿಯನ್ನು ನಂಬಿದರೆ ಆಗುವ ಕೇಡು ಪರಭಾಷೆಯ ಪದಗಳಿಗೆ ಮಾತ್ರ ತಗಲುವುದೆಂದು ತಿಳಿಯಬಾರದು. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ನಾಲ್ಕು ತಾಲೂಕುಗಳ ಹೆಸರುಗಳನ್ನು ಪರೀಕ್ಷೆಗೆ ತೆಗೆದುಕೊಂಡರೆ ಸಾಕು. ಇಂಡಿಯಲ್ಲಿ ಮೂರ್ಧನ್ಯ ಡಕಾರ. ಅದರ ನೆರೆಯ ಸಿಂದಗಿಯಲ್ಲಿ ದಂತ್ಯ ದಕಾರ. ಮುದ್ದೇಬಿಹಾಳದಲ್ಲಿ ದಂತ್ಯದ ದ್ವಿತ್ವ, ದೀರ್ಘ ಏಕಾರ, ಹಕಾರ ಮತ್ತು ಳಕಾರ. ಬಾಗೇವಾಡಿಯಲ್ಲಿ ಮತ್ತೆ ಮೂರ್ಧನ್ಯ ಡಕಾರ. ರೋಮಕಲಿಪಿಯಲ್ಲಿ ಈ ನಾಲ್ಕಕ್ಕೂ ಇರುವುದು ಡಿ ಎಂಬ ಒಂದೇ ಅಕ್ಷರ.

೧೮೮೪ರಲ್ಲಿ ಪ್ರಕಟವಾದ ಮುಂಬಯಿ ಗ್ಯಾಝೆಟಿಯರಿನ ವಿಜಾಪುರ ಸಂಪುಟದಲ್ಲಿ ದೀರ್ಘ ಆಕಾರಕ್ಕೆ ಮೇಲುಗೆರೆಯ ಗುರುತನ್ನು ಕೊಟ್ಟಿರುವುದು ಸ್ತುತ್ಯವಾದ ಕ್ರಮ. ಆದರೆ ಹ್ರಸ್ವ ದೀರ್ಘ ಎಕಾರಗಳ ಭೇದವಾಗಲಿ ದಂತ್ಯ ಮೂರ್ಧನ್ಯಗಳ ಭೇದವಾಗಲಿ ಅಲ್ಲಿಲ್ಲ. ಸಿಂದಗಿಯ ನಡುವಣ ಅಕಾರವೂ ಲುಪ್ತವಾಗಿದೆ. ಸಂಸ್ಕೃತದಲ್ಲಿ ಏಕಾರ ಓಕಾರಗಳು ದೀರ್ಘಗಳೇ ಆದುದರಿಂದ ಉತ್ತರದೇಶದ ಭಾಷೆಗಳಿಗಾಗಿ ಹೊಂದಿಸಿದ ಈ ಪದ್ಧತಿಯು ಕನ್ನಡದ ಹ್ರಸ್ವ ಎಕಾ‍ರ ಒಕಾರಗಳನ್ನು ಗಣಿಸಲಿಲ್ಲ. ವಿದ್ವಾಂಸರು ಈ ಕೊರತೆಯನ್ನು ಬಲ್ಲವರೇ. ಕಿಟ್ಟೆಲ್ ಮಹಾಶಯರ ನಿಘಂಟು ಮಂಗಳೂರಿನಲ್ಲಿ ಪ್ರಕಟವಾದ ೧೮೯೪ರಲ್ಲಿಯೇ, ಜಿನೀವಾ ನಗರದಲ್ಲಿ ಕೂಡಿದ ಪ್ರಾಚ್ಯವಿದ್ಯಾಪರಿಷತ್ತು ಚುಕ್ಕೆ ಗೆರೆಗಳ ಲಿಪ್ಯಂತರಕ್ರಮವನ್ನು ಅಂಗೀಕರಿಸಿತು. ಆದರೆ ಕಚೇರಿಯ ಕಾಗದಗಳಲ್ಲಿಯೂ ರೈಲುನಿಲ್ದಾಣದ ಫಲಕಗಳಲ್ಲಿಯೂ ಆ ಚುಕ್ಕೆಗಳಿಗೆ ಸ್ಥಾನವು ದೊರೆಯಲಿಲ್ಲ.

ಗುರುತುಗಳಿಲ್ಲದ ಈ ಹೆಸರುಗಳನ್ನು ಇಬ್ಬರು ಪರದೇಶೀಯರ ಮುಂದಿಟ್ಟರೆ ಆಗುವುದೇನು? ಆಂಗ್ಲನು ಮುದ್ದೇಬಿಹಾಳವನ್ನು 'ಮಡ್ಡಿಬಿಹಾಲ್' ಎಂದು ಓದುವನು. ಅವನ ಭಾಷೆಯಲ್ಲಿ ಕೆಸರಿಗೆ ಹೇಳುವ ಪದವು ಆ ಮೂರು ಅಕ್ಷರಗಳಿಂದಲೇ ಆರಂಭವಾಗುವುದು. ಇತಾಲಿಯವನು ಅದೇ ಹೆಸರನ್ನು 'ಮುದ್ದೆಬಿಆಲ್' ಎಂದು ಓದುವನು. ಉಕಾರವೂ ದಂತ್ಯವೂ ದ್ವಿತ್ವವೂ ಉಳಿದು, ಹಕಾರ ಳಕಾರಗಳು ಮಾತ್ರ ಕೆಡುವುವು. ಇಂಡಿಯು ಆಂಗ್ಲನ ಬಾಯಲ್ಲಿ ಹೆಚ್ಚು ಕಡಮೆ ಸರಿಯಾಗಿಯೂ, ಇತಾಲಿಯವನ ಬಾಯಲ್ಲಿ 'ಇಂದಿ' ಎಂದೂ ಆಗುವುದು. ಸಿಂದಗಿಯನ್ನು ಇತಾಲಿಯವನು 'ಸಿಂದಜಿ' ಎಂದೂ ಬಾಗೇವಾಡಿಯನ್ನು 'ಬಾಜೆವಾದಿ' ಎಂದೂ ಓದುವನು. ಐ, ಇ ಎಂಬವುಗಳ ಹಿಂದಿರುವ ಜಿ ಎಂಬ ಅಕ್ಷರವು ಅವನಿಗೆ ಜಕಾರ. ಅವನಿಗಾಗಿ ಬರೆಯುವುದಾದರೆ ಆ ಎರಡೆಡೆಗಳಲ್ಲಿಯೂ ಜಿ ಎಂಬುದರ ಮುಂದೆ ಎಚ್ ಎಂಬುದನ್ನು ಸೇರಿಸಬೇಕಾಗುವುದು. ಹಾಗೆ ಸೇರಿಸಿದರೆ ಸಂಸ್ಕೃತ ಬಲ್ಲ ಭಾರತೀಯನು ಅದನ್ನು ಘಕಾರವೆಂದು ಓದಿಬಿಡುವನು. ಅಕ್ಷರವು ಒಂದೇ, ಬೆಲೆಯು ಊರೂರಿಗೆ ಬೇರೆ. ಆದುದರಿಂದ ಯಾರಿಗಾಗಿ ಬರೆದುದು ಎಂಬುದನ್ನು ಕೇಳದೆ ಲಿಪ್ಯಂತರವನ್ನು ಓದುವುದು ಯಾವ ರಾಜ್ಯದ ನಾಣ್ಯವೆಂದು ನೋಡದೆ ಎಣಿಸಿದಂತೆ.

ಇಲ್ಲಿ ಒಂದು ವಿವೇಕವು ಅವಶ್ಯಕ. ಹೆಸರಿನ ರೂಪವು ಬದಲಾದುದೆಲ್ಲವೂ ದೋಷವಲ್ಲ. ವಿಜಯಪುರವು ಬಿಜಾಪುರವಾದುದನ್ನು ಆಂಗ್ಲರ ತಲೆಗೆ ಕಟ್ಟುವುದು ಅನ್ಯಾಯ. ವಕಾರವು ಬಕಾರವಾಗುವುದು ಕನ್ನಡದ ತದ್ಭವಗಳಲ್ಲಿಯೇ ಪ್ರಸಿದ್ಧವಾಗಿದೆ. ಕೇಶಿರಾಜನು ಶಬ್ದಮಣಿದರ್ಪಣದ ಅಪಭ್ರಂಶಪ್ರಕರಣದಲ್ಲಿ ಇಂತಹ ವಿಕಾರಗಳಿಗೆ ನಿಯಮಗಳನ್ನೇ ಹೇಳಿರುವನು. ಕೊಂತಿಯ 'ಬಿಜೆನೆಗಾಲಿಯ' ಎಂಬುದರಲ್ಲಿಯೂ ಆದಿಯ ಬಕಾರವುಂಟು. ೨೦೧೪ರ ನವೆಂಬರ್ ೧ರಿಂದ ನಗರಕ್ಕೆ ಅಧಿಕೃತವಾಗಿ ವಿಜಯಪುರವೆಂಬ ಹೆಸರು ಮರಳಿ ಬಂದುದು ಸಂತೋಷವೇ. ಆದರೆ ಬಿಜಾಪುರವೆಂಬುದು ಶತಮಾನಗಳ ಜನರ ನಾಲಗೆಯ ಮೇಲೆ ಸವೆದು ಬಂದ ರೂಪವೆಂಬುದನ್ನು ಮರೆಯಬಾರದು. ನಾಲಗೆಯ ವಿಕಾರವು ಬೇರೆ, ಕಣ್ಣಿನ ವಿಕಾರವು ಬೇರೆ. ಮೊದಲನೆಯದು ತದ್ಭವ, ಅದಕ್ಕೆ ನಿಯಮವುಂಟು, ಅದನ್ನು ಹಿಡಿದು ಮೂಲಕ್ಕೆ ಹಿಂದಿರುಗಬಹುದು. ಎರಡನೆಯದು ಅಪಪಾಠ; ಅದಕ್ಕೆ ನಿಯಮವಿಲ್ಲ. ಜೊರ್ನೊ ಎಂಬುದು ತದ್ಭವ, ಪಿಜ್ಜಾ ಎಂಬುದು ಅಪಪಾಠ. ಬಿಜಾಪುರವು ತದ್ಭವ, ಮಡ್ಡಿಬಿಹಾಲವು ಅಪಪಾಠ.

೬. ಅನುವಾದದ ವಿಚಾರ

ಅರ್ಥವನ್ನು ದಾಟಿಸುವಲ್ಲಿಯೂ ಆಂಗ್ಲಮಾಧ್ಯಮವು ಕನ್ನಡಿಗನಿಗೆ ಸುತ್ತುದಾರಿಯೇ. ಇತಾಲಿಯಲ್ಲಿ ಎದುರಿನವನನ್ನು ಕರೆಯಲು ಮೂರು ಸರ್ವನಾಮಗಳುಂಟು: 'ತು', 'ವೊಯ್', 'ಲೇಯ್'. ಆಂಗ್ಲರಲ್ಲಿ ಮೂರಕ್ಕೂ ಒಂದೇ ಪದ. ಆದುದರಿಂದ ಅವರ ಕೈಪಿಡಿಯನ್ನು ಓದಿದವನು ಹಿರಿಯರನ್ನು ಏಕವಚನದಲ್ಲಿ ಕರೆದು ಅಪಹಾಸ್ಯಕ್ಕೆ ಗುರಿಯಾಗುವನು. ಕನ್ನಡದಲ್ಲಿ ನೀನು, ನೀವು, ತಾವು ಎಂಬ ಮೂರೂ ಸಿದ್ಧವಾಗಿವೆ. ಹೋಲಿಕೆಯು ಸಂಖ್ಯೆಯಲ್ಲಿ ಮಾತ್ರವಲ್ಲ, ಸ್ವಭಾವದಲ್ಲಿಯೂ ಉಂಟು. 'ಲೇಯ್' ಎಂಬುದು ವಾಸ್ತವವಾಗಿ ಪ್ರಥಮಪುರುಷದ ಸ್ತ್ರೀಲಿಂಗಸರ್ವನಾಮ. 'ನಿಮ್ಮ ಪ್ರಭುತ್ವ' ಎಂಬರ್ಥದ ಸ್ತ್ರೀಲಿಂಗಶಬ್ದಕ್ಕೆ ಬದಲಾಗಿ ನಿಂತುದರಿಂದ ಗೌರವಾರ್ಥವನ್ನು ಪಡೆಯಿತು. ಸಂಸ್ಕೃತದಲ್ಲಿ ಭವಾನ್ ಶಬ್ದಕ್ಕೆ ಪ್ರಥಮಪುರುಷದ ಕ್ರಿಯಾಪದವನ್ನೇ ಹೇಳಬೇಕೆಂಬ ನಿಯಮವನ್ನೂ, ಕನ್ನಡದ ತಾವು ಎಂಬುದು ಮೂಲತಃ ಆತ್ಮಾರ್ಥಕವೆಂಬುದನ್ನೂ, ಮಠಾಧೀಶರನ್ನು 'ಸನ್ನಿಧಾನ' ಎಂದು ಸಂಬೋಧಿಸುವ ಪದ್ಧತಿಯನ್ನೂ ಬಲ್ಲವನಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ೧೯೩೮ರಲ್ಲಿ ಮುಸ್ಸೊಲೀನಿಯ ಸರ್ಕಾರವು 'ಲೇಯ್' ಎಂಬುದನ್ನು ಕಚೇರಿಗಳಿಂದ ಹೊರಡಿಸಿ 'ವೊಯ್' ಎಂಬುದನ್ನು ವಿಧಿಸಿತು. ಆ ಸರ್ಕಾರವು ಅಳಿದ ಮೇಲೆ ಜನರು 'ಲೇಯ್' ಎಂಬುದನ್ನೇ ಮುಂದುವರಿಸಿದರು. ಮರ್ಯಾದೆಯ ಮಾತು ಶಾಸನಕ್ಕೆ ಬಗ್ಗುವುದಿಲ್ಲ.

ಬೀಳ್ಕೊಡುವಾಗ ಹೇಳುವ 'ಅರ್ರಿವೆದೆರ್ಚಿ' ಎಂಬುದಕ್ಕೆ ಮತ್ತೆ ಕಾಣುವ ತನಕ ಎಂದು ಅಕ್ಷರಾರ್ಥ. ಆಂಗ್ಲರ ನಿತ್ಯದ ವಿದಾಯವಾಕ್ಯದಲ್ಲಿ ಪುನರ್ದರ್ಶನದ ಸೂಚನೆಯಿಲ್ಲ. ಸಿಂದಗಿಯ ಒಕ್ಕಲಿಗನಾದರೋ ಎಂದಿಗೂ 'ಹೋಗ್ತೀನ್ರಿ' ಎನ್ನುವುದಿಲ್ಲ. 'ಹೋಗಿ ಬರ್ತೀನ್ರಿ' ಎನ್ನುವನು. ಇತಾಲೀ ವಾಕ್ಯದ ಹೃದಯವು ಈ ಮಾತಿನಲ್ಲಿ ಪೂರ್ಣವಾಗಿ ಇಳಿಯುವುದು. 'ಪ್ರೇಗೊ' ಎಂಬುದಕ್ಕೆ ಬೇಡಿಕೊಳ್ಳುವೆನು ಎಂದು ಮೂಲಾರ್ಥ. ಬಂದವರನ್ನು ಒಳಗೆ ಕರೆಯುವಾಗಲೂ, ಏನನ್ನಾದರೂ ಮುಂದೆ ನೀಡುವಾಗಲೂ, ಕೃತಜ್ಞತೆಗೆ ಉತ್ತರವಾಗಿಯೂ ಅದನ್ನೇ ಹೇಳುವರು. ಒಂದೇ ಕನ್ನಡ ಪದದಿಂದ ಇದನ್ನು ತೀರಿಸಲಾಗದು. ಕರೆಯುವಾಗ 'ಬರ್ರಿ', ನೀಡುವಾಗ 'ತಗೋರಿ', ಉತ್ತರವಾಗಿ 'ಇರಲಿ ಬಿಡ್ರಿ' ಎಂದು ಸಂದರ್ಭಾನುಸಾರ ಹೇಳಬೇಕು. ಅಂಗಡಿಯಲ್ಲಿ 'ಕ್ವಂತೊ ಕೊಸ್ತ' ಎಂದು ಬೆಲೆ ಕೇಳುವುದನ್ನು ಇಂಡಿಯ ಸಂತೆಯಲ್ಲಿ 'ಹ್ಯಾಂಗ ಕೊಡ್ತೀರಿ' ಎನ್ನುವರು. ಎಷ್ಟು ಬೀಳುತ್ತದೆ ಎಂಬ ಶಬ್ದಶಃ ಅನುವಾದವು ಅಲ್ಲಿ ಕೃತಕವಾಗಿ ಕೇಳಿಸುವುದು.

ಇವೆಲ್ಲಕ್ಕಿಂತ ವಿಚಾರಣೀಯವಾದುದು 'ಚಾವೊ' ಎಂಬ ನಮಸ್ಕಾರ. ಇದು ವೆನಿಸ್ ಪ್ರಾಂತದ ಮಾತಿನಲ್ಲಿ ದಾಸನೆಂಬ ಅರ್ಥದ ಪದದಿಂದ ಹುಟ್ಟಿತು. ನಿಮ್ಮ ದಾಸನು ಎಂಬುದು ಅದರ ತಾತ್ಪರ್ಯ. ಬಸವಣ್ಣನವರ ಜನ್ಮಸ್ಥಳವೆಂದು ಪ್ರಸಿದ್ಧವಾದ ಬಾಗೇವಾಡಿಯ ಸೀಮೆಯಲ್ಲಿ ಎದುರು ಬಂದವರಿಗೆ 'ಶರಣು ಶರಣಾರ್ಥಿ' ಎನ್ನುವ ರೂಢಿಯು ಇದಕ್ಕೆ ಸಮೀಪವಾಗಿದೆ. ತನ್ನನ್ನು ತಗ್ಗಿಸಿಕೊಂಡು ಎದುರಿನವನನ್ನು ಗೌರವಿಸುವ ಭಾವವು ಎರಡರಲ್ಲಿಯೂ ಸಮಾನ. ಆದರೂ 'ಚಾವೊ' ಎಂಬುದನ್ನು ಶರಣು ಎಂದು ಅನುವಾದಿಸಿದರೆ ತಪ್ಪಾಗುವುದು. ಇತಾಲಿಯಲ್ಲಿ ಆ ಪದದ ದಾಸ್ಯಾರ್ಥವು ಪೂರ್ಣವಾಗಿ ಅಳಿದು, ಅದು ಗೆಳೆಯರಲ್ಲಿ, ಮಕ್ಕಳಲ್ಲಿ, ಸಲಿಗೆಯವರಲ್ಲಿ ಮಾತ್ರ ಸಲ್ಲುವುದು. ಕೂಡುವಾಗಲೂ ಅಗಲುವಾಗಲೂ ಸಲ್ಲುವುದು. ಶರಣು ಎಂಬುದರಲ್ಲಿಯಾದರೋ ಅರ್ಥವು ಇನ್ನೂ ಜೀವಂತವಾಗಿದೆ. ವ್ಯುತ್ಪತ್ತಿಯು ಒಂದಾದ ಮಾತ್ರಕ್ಕೆ ಪ್ರಯೋಗವು ಒಂದಾಗದು. ರೂಢಿಯು ಯೋಗಾರ್ಥವನ್ನು ಅಪಹರಿಸುವುದೆಂಬ ಶಾಸ್ತ್ರವಚನವು ಇಲ್ಲಿ ಅನ್ವಯಿಸುವುದು. ಆಂಗ್ಲಾನುವಾದವು ವ್ಯುತ್ಪತ್ತಿಯನ್ನು ಬಿಟ್ಟು ಪ್ರಯೋಗವನ್ನು ಹಿಡಿದಿದೆ. ಆ ಅಂಶದಲ್ಲಿ ಅದು ಪ್ರಶಂಸಾರ್ಹವೆಂದು ಒಪ್ಪಬೇಕು.

೭. ಪೂರ್ವಪಕ್ಷವೂ ಸಮಾಧಾನವೂ

ಕನ್ನಡಲಿಪಿಯೂ ಅಸಂಪೂರ್ಣವಲ್ಲವೆ ಎಂದು ಆಕ್ಷೇಪಿಸಬಹುದು. ಇತಾಲಿಯಲ್ಲಿ ಎಕಾರ ಒಕಾರಗಳಿಗೆ ವಿವೃತ ಸಂವೃತಗಳೆಂಬ ಎರಡೆರಡು ಭೇದಗಳುಂಟು, ತಾಲವ್ಯ ಲಕಾರವೊಂದುಂಟು, ದಂತಮೂಲದಲ್ಲಿ ಹುಟ್ಟುವ ತ್ಸಕಾರ ದ್ಸಕಾರಗಳುಂಟು, ಬಲ ಬೀಳುವ ಸ್ಥಾನವು ಪದದಿಂದ ಪದಕ್ಕೆ ಬೇರೆಯಾಗಿರುವುದು. ಇವುಗಳಲ್ಲಿ ಮೊದಲಿನ ಎರಡನ್ನು ಕನ್ನಡವು ನೇರವಾಗಿ ತೋರಿಸಲಾರದೆಂಬುದು ನಿಜ. ತ್ಸಕಾರವು ಕನ್ನಡದ್ದಲ್ಲವಾದರೂ, ಭೀಮಾನದಿಯ ಆಚೆಯ ಸೊಲ್ಲಾಪುರದ ಪೇಟೆಯೊಡನೆ ವ್ಯವಹಾರವುಳ್ಳ ಇಂಡಿಯ ಜನರು ಮರಾಠಿಯ 'ತ್ಸಾಂಗಲಾ' ಎಂಬಂತಹ ಪದಗಳಲ್ಲಿ ಅದನ್ನು ದಿನವೂ ಕೇಳುವರು. ಬಲಸ್ಥಾನವನ್ನು ಬಹುಪಾಲು ಗುರುಚಿಹ್ನದಿಂದಲೇ ಸೂಚಿಸಬಹುದೆಂಬುದನ್ನು ಮೇಲೆ ತೋರಿಸಿದೆ. ಸಂಸ್ಕೃತವರ್ಣಮಾಲೆಯಲ್ಲಿ ಹೆಚ್ಚಾಗಿ ನಿರುದ್ಯೋಗಿಯಾಗಿರುವ ಞಕಾರಕ್ಕೂ ಇಲ್ಲಿ ಕೆಲಸ ದೊರೆಯುವುದು. ಮಹಾಶಯನೆಂಬರ್ಥದ 'ಸಿಞ್ಞೋರೆ' ಎಂಬ ಪದವನ್ನು ಬರೆಯಲು ಆಂಗ್ಲರು ಪಡುವ ಕಷ್ಟವು ಕನ್ನಡಿಗನಿಗಿಲ್ಲ. ಸ್ವಲ್ಪ ಕೊರತೆಯುಳ್ಳ ನೇರದಾರಿಯು ಬಹಳ ಕೊರತೆಯುಳ್ಳ ಸುತ್ತುದಾರಿಗಿಂತ ಮೇಲು.

'ಇಟಲಿ', 'ಡಾಂಟೆ' ಎಂಬ ರೂಪಗಳು ರೂಢವಾಗಿರುವಾಗ ಅವನ್ನು ಕೀಳುವುದು ಸಾಧ್ಯವೆ ಎಂಬುದು ಎರಡನೆಯ ಆಕ್ಷೇಪ. ರೂಢವಾದುವನ್ನು ಕೀಳಬೇಕಾಗಿಲ್ಲ. ಇಟಲಿ ಎಂಬುದು ಕನ್ನಡದ ಶಬ್ದವೇ ಆಗಿಹೋಗಿದೆ. ಅದು ತದ್ಭವಕೋಟಿಗೆ ಸೇರಿತೆಂದು ತಿಳಿಯಬಹುದು. ಹೊಸದಾಗಿ ಬರುವ ಹೆಸರುಗಳಲ್ಲಿ, ಪಾಠಪುಸ್ತಕಗಳಲ್ಲಿ, ಚರಿತ್ರೆಯ ಆಧಾರಗಳನ್ನು ಕನ್ನಡಿಸುವಲ್ಲಿ ಎಚ್ಚರಿಕೆಯು ಬೇಕೆಂಬುದಷ್ಟೇ ಇಲ್ಲಿಯ ಸಿದ್ಧಾಂತ.

ಅಂತಹ ಎಚ್ಚರಿಕೆಗೆ ಅನುಕೂಲವಾಗುವಂತೆ ಕೆಲವು ನಿಯಮಗಳನ್ನು ಸಂಗ್ರಹಿಸಬಹುದು. (೧) ಇತಾಲಿಯ ಟಿ, ಡಿ ಎಂಬವನ್ನು ಯಾವಾಗಲೂ ತಕಾರ ದಕಾರಗಳಿಂದ ಬರೆಯತಕ್ಕದ್ದು. (೨) ಮೂಲದಲ್ಲಿ ವ್ಯಂಜನವು ಎರಡಿದ್ದರೆ ಒತ್ತಕ್ಷರವನ್ನು ಬಿಡಲಾಗದು. (೩) ಸಿ, ಜಿ ಎಂಬವು ಇ, ಐ ಎಂಬವುಗಳ ಹಿಂದಿದ್ದರೆ ಚಕಾರ ಜಕಾರಗಳು. ನಡುವೆ ಎಚ್ ಬಂದರೆ ಕಕಾರ ಗಕಾರಗಳು. ಮಹಾಪ್ರಾಣವು ಎಲ್ಲಿಯೂ ಇಲ್ಲ. (೪) ಬಲ ಬೀಳುವ ಅಕ್ಷರವು ಪದದ ನಡುವೆಯಾಗಲಿ ಮೊದಲಿನಲ್ಲಾಗಲಿ ಇದ್ದು, ಅದರ ಮುಂದೆ ಒಂಟಿ ವ್ಯಂಜನವಿದ್ದರೆ ದೀರ್ಘವನ್ನೂ, ಒತ್ತಕ್ಷರವಿದ್ದರೆ ಹ್ರಸ್ವವನ್ನೂ ಬರೆಯತಕ್ಕದ್ದು. (೫) ಪದಾಂತ್ಯದ ಸ್ವರವು ಲೋಪವಾಗಲಾಗದು.

ಈ ಐದು ನಿಯಮಗಳನ್ನು ಹಿಡಿದು ದೆಲ್ಲ ವಲ್ಲೆಯ ಪತ್ರಗಳನ್ನು ಮೂಲದಿಂದಲೇ ಮತ್ತೊಮ್ಮೆ ಓದುವ ಕಾರ್ಯವು ಕನ್ನಡ ವಿದ್ವಾಂಸರಿಗಾಗಿ ಕಾದಿದೆ. ಇಕ್ಕೇರಿಯಿಂದ ಮಂಗಳೂರಿನ ವರೆಗಿನ ಊರುಗಳ, ನದಿಗಳ, ಅಧಿಕಾರಿಗಳ ಹೆಸರುಗಳು ಅದರಲ್ಲಿ ಎಷ್ಟೋ ಅಡಗಿವೆ. ಚೌಟರ ಹೆಸರು ಒಂದು ಅಕ್ಷರದ ಬೆಲೆಯನ್ನು ತಿಳಿದ ಮಾತ್ರಕ್ಕೆ ಬೆಳಕಿಗೆ ಬರುವುದಾದರೆ, ಉಳಿದ ಹೆಸರುಗಳೂ ಅದೇ ದೀಪದಿಂದ ಕಾಣಬಹುದು.